ಕಿಲ್ಟು, ಪಂಚೆ ಮತ್ತು ಒಂದು ಕಾಶಿಯಾತ್ರೆ

ಅಮೆರಿಕದಿಂದ ಬಂದ ಮೇಲೆ ತುಮಕೂರಿನಲ್ಲಿ ನನ್ನನ್ನು ಕಂಡವರೆಲ್ಲ ಕೇಳುವುದು ಒಂದೇ: ನಯಾಗರ ನೋಡಿದಿರಾ? ನೋಡಲಿಲ್ಲ. ನ್ಯೂಯಾರ್ಕನ್ನೂ ನೋಡಲಿಲ್ಲ. ಮತ್ತೆ ಅಷ್ಟು ದೂರ ಹೋಗಿ ಮಾಡಿದ್ದೇನು ಎಂದು ನನ್ನ ಪರವಾಗಿ ಅವರೇ ಬೇಜಾರು ಮಾಡಿಕೊಳ್ಳುತ್ತಾರೆ. ತಂಗಿಯ ಮಗನ ಜೊತೆ ಒಂದು ಮದುವೆಗೆ ಹೋಗಿದ್ದೆ ಎಂದರೆ, ಮದುವೆ ಊಟಕ್ಕೆ ಅಮೆರಿಕಕ್ಕೆ ಹೋಗಬೇಕಿತ್ತೇ ಎಂದು ನಗುತ್ತಾರೆ. ನಾನೂ ಜೊತೆಗೆ ನಕ್ಕು ಸುಮ್ಮನಾಗುತ್ತೇನೆ. ಆ ಮದುವೆಯ ವಿಷಯ ಬೀದಿಯಲ್ಲಿ ನಿಂತು ಹೇಳುವಂಥದ್ದಲ್ಲ, ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ವುಡ್‌ರಿಡ್ಜ್

ನನ್ನ ತಂಗಿ ಸುಧಾ ಮತ್ತು ಅವಳ ಗಂಡ ಮೋಹನ ಶಿಕಾಗೋ ಪಕ್ಕದ ವುಡ್‌ರಿಡ್ಜ್‌ನಲ್ಲಿ ಮನೆ ಮಾಡಿ ಮೂರು ದಶಕವಾಗುತ್ತ ಬಂತು. ಬೀದಿ ಬಹಳ ಚೆನ್ನಾಗಿದೆ, ಬೀದಿಯಲ್ಲಿ ಜನ ಮಾತ್ರ ಇಲ್ಲ. ನಮ್ಮೂರಿನಲ್ಲಿ ಕೊತ್ತಂಬರಿ ಸೊಪ್ಪು ತರಲು ಹೊರಟರೂ ದಾರಿಯುದ್ದಕ್ಕೂ ಸಮಜಾಯಿಷಿ ಕೊಡುತ್ತ ಹೋಗಬೇಕು. ಇಲ್ಲಿ ಬೆಳಗಿನಿಂದ ಬಾಗಿಲಲ್ಲಿ ನಿಂತರೂ ನನ್ನನ್ನು ವಿಚಾರಿಸಿದ್ದು ಎದುರು ಮನೆಯ ನಾಯಿ. ಅದರ ಯಜಮಾನಿ ಕೈ ಬೀಸಿ, ಬಿಸಿಲು ಚೆನ್ನಾಗಿದೆ ಅಲ್ಲವೇ ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋಗಿಬಿಟ್ಟಳು.

ಮಾತಾಡಲು ಯಾರೂ ಸಿಗದೆ ಗೋಡೆಯ ಫೋಟೋಗಳನ್ನು ನೋಡುತ್ತ ಕಾಲ ಕಳೆದೆ. ಹೆಚ್ಚಿನವು ಇಬ್ಬರು ಹುಡುಗರವು. ಒಬ್ಬ ಸುಧಾಳ ಮಗ ಅನಿರುದ್ಧ, ನಮಗೆಲ್ಲ ಅನಿ. ಇನ್ನೊಬ್ಬ ಸುಹಾಸ್, ಆಗ ಪಕ್ಕದ ಮನೆಯಲ್ಲಿದ್ದ ಪದ್ಮಳ ಮಗ. ಮುಂದಿನ ಹಲ್ಲು ಬಿದ್ದ ಫೋಟೋ, ಹಿಮದಲ್ಲಿ ಬಿದ್ದು ಹೊರಳಾಡುವ ಫೋಟೋ, ಕಾಲೇಜು ಮುಗಿಸಿ ಹೆಗಲ ಮೇಲೆ ಕೈ ಹಾಕಿ ನಿಂತ ಫೋಟೋ. ಪದ್ಮಳ ಮದುವೆಯ ಹಳೆಯ ವಿಡಿಯೋ ನೋಡುತ್ತ ಈ ಹುಡುಗರು ಒಮ್ಮೆ ಕಾಶಿಯಾತ್ರೆ ಎಂದರೇನು ಎಂದು ಕೇಳಿದರಂತೆ. ಸಂಸಾರ ಬೇಡ, ಕಾಶಿಗೆ ಹೋಗುತ್ತೇನೆ ಎಂದು ಮದುಮಗ ಕೋಲು ಹಿಡಿದು ಹೊರಡುತ್ತಾನೆ, ಹೆಣ್ಣಿನ ಕಡೆಯವರು ಅಡ್ಡಗಟ್ಟಿ ಮನವೊಲಿಸಿ ಕರೆತರುತ್ತಾರೆ, ಅವರ ಮನೆಯ ಪದ್ಧತಿಯಲ್ಲಿ ಛತ್ರಿ ಹಿಡಿದು ಜೊತೆಗೆ ಹೋಗುವವನು ಮದುಮಗನ ಆಪ್ತ ಗೆಳೆಯ ಎಂದು ಪದ್ಮ ವಿವರಿಸಿದಳು. "ಹಾಗಾದ್ರೆ ನನ್ನ ಛತ್ರಿ ಅನಿ ಹಿಡೀತಾನೆ" ಎಂದ ಸುಹಾಸ್. ಅನಿ ಆ ಸಂಜೆಯೆಲ್ಲ ಮೋಹನನ ಕಪ್ಪು ಛತ್ರಿ ಬಿಚ್ಚಿಕೊಂಡು ಅವನ ಹಿಂದೆ ಮನೆಯೊಳಗೇ ಓಡಾಡಿದನಂತೆ. ಎರಡು ಮನೆಯವರೂ ಅದನ್ನು ಎಷ್ಟೋ ವರ್ಷ ಹೇಳಿಕೊಂಡು ನಗುತ್ತಿದ್ದರು.

ಈಗ ಸುಹಾಸ್‌ನ ಮದುವೆ ಬಂದಿತ್ತು. ಪದ್ಮಳ ಸಂಸಾರ ಡೆಟ್ರಾಯಿಟ್ ಕಡೆಯ ವೆಸ್ಟ್ ಬ್ಲೂಮ್‌ಫೀಲ್ಡ್‌ಗೆ ಹೋಗಿ ಬಹಳ ಕಾಲವಾಗಿತ್ತು. ಅನಿಗೂ ಅಲ್ಲಿಗೆ ಹತ್ತಿರದ ವಾರೆನ್‌ನಲ್ಲೇ ಕೆಲಸ. ಕಾರಿನ ಸೀಟುಗಳಿಗೆ ಬಟ್ಟೆ ಆರಿಸುವುದು, ಅದರ ವಿನ್ಯಾಸ ಮಾಡುವುದು. ಒಳ್ಳೆಯ ಕೆಲಸ, ಒಳ್ಳೆಯ ಹುಡುಗ.

"ಅದನ್ನ ಹಾಕ್ಕೊಂಡು ಮದುವೆಗೆ ಬಂದ್ರೆ ನಾನು ಮುಖ ಎಲ್ಲಿಟ್ಕೊಳ್ಳಲಿ ಅಕ್ಕ?" ಎಂದಳು ಸುಧಾ, ದೋಸೆ ಹುಯ್ಯುತ್ತ.

"ಅದು ಅಂದ್ರೆ ಯಾವುದು?"

ಅವಳು ಬಾಯಿಬಿಟ್ಟು ಹೇಳಲಿಲ್ಲ, ಫೋನಿನಲ್ಲಿ ತೋರಿಸಿದಳು. ಅನಿ ಸೊಂಟದಿಂದ ಮಂಡಿಯವರೆಗೆ ಹಸಿರು ನೀಲಿ ಚೌಕುಳಿಯ, ನೆರಿಗೆ ನೆರಿಗೆಯಾದ ಬಟ್ಟೆ ಉಟ್ಟು ನಿಂತಿದ್ದ. ಕಾಲಿಗೆ ಉದ್ದನೆಯ ಉಣ್ಣೆಯ ಕಾಲುಚೀಲ. ಸ್ಕಾಟ್ಲೆಂಡಿನ ಗಂಡಸರು ಉಡುವ ಕಿಲ್ಟ್ ಅದು. ಯಾವಾಗಲೋ ಒಮ್ಮೆ ಉಟ್ಟ ವೇಷವಲ್ಲ. ಎರಡು ವರ್ಷದಿಂದ ದಿನಾ ಅದೇ, ಆಫೀಸಿಗೂ ಅದೇ.

"ಯುಗಾದಿಗೂ ಹಾಗೇ ಬಂದ" ಎಂದ ಮೋಹನ, ಪೇಪರಿನಿಂದ ತಲೆ ಎತ್ತದೆ. "ಅವತ್ತಿಂದ ನಮ್ಮನ್ನ ಯಾರೂ ಪಾಟ್‌ಲಕ್ ಊಟಕ್ಕೆ ಕರೆದಿಲ್ಲ. ಹುಡುಗನಿಗೆ ಏನಾದ್ರೂ ಪ್ರಾಬ್ಲಮ್ಮಾ ಅಂತ ಕೇಳ್ತಾರೆ, ಅದೂ ಮೆಲ್ಲಗೆ, ಕಾಯಿಲೆ ವಿಚಾರಿಸಿದ ಹಾಗೆ."

"ನೀನು ಹೇಳಿದ್ರೆ ಕೇಳ್ತಾನೆ ಅಕ್ಕ. ಚಿಕ್ಕೋನಾಗಿದ್ದಾಗಿಂದ ದೊಡ್ಡಮ್ಮ ಅಂದ್ರೆ ಪ್ರಾಣ ಅವನಿಗೆ. ಮದುವೆಗೆ ಒಂದು ವಾರ ಮುಂಚೆ ಹೋಗಿ ಅವನ ಜೊತೆ ಇರು. ಹೇಗಾದ್ರೂ ಮಾಡಿ ಅದನ್ನ ಬಿಡಿಸು."

ಊರಿನಲ್ಲಿ ಕುಡಿತ ಬಿಡಿಸಲು ಕರೆದುಕೊಂಡು ಹೋಗುವುದನ್ನು ಕೇಳಿದ್ದೆ. ಬಟ್ಟೆ ಬಿಡಿಸಲು ಹೋದವಳು ನಾನೇ ಮೊದಲಿರಬೇಕು.

ಮಿಶಿಗನ್ ದಾರಿ

ಶನಿವಾರ ಅನಿ ಕರೆದೊಯ್ಯಲು ಬಂದ. ಬಾಗಿಲಲ್ಲೇ ಬಗ್ಗಿ ಕಾಲು ಮುಟ್ಟಿದ. ಸುಧಾ ತಿರುಗಿ ಸಿಂಕಿನಲ್ಲಿ ಇಲ್ಲದ ಪಾತ್ರೆ ತೊಳೆಯತೊಡಗಿದಳು. ನಿಜ ಹೇಳುತ್ತೇನೆ, ನನಗೂ ಅವನ ಮಂಡಿಯಿಂದ ಮುಖಕ್ಕೆ ಕಣ್ಣು ಎತ್ತಲು ಸ್ವಲ್ಪ ಹೊತ್ತು ಬೇಕಾಯಿತು. ಎತ್ತಿದಾಗ ಅದೇ ಮುಖ, ಅದೇ ನಾಚಿಕೆಯ ನಗು.

ಇಲ್ಲಿಯ ಹೆದ್ದಾರಿಯಲ್ಲಿ ಯಾರೂ ಹಾರ್ನ್ ಹೊಡೆಯುವುದಿಲ್ಲ. ಆ ನಿಶ್ಶಬ್ದಕ್ಕೆ ನಿದ್ದೆ ಬಂದು, ಎಚ್ಚರವಾದಾಗ ಮಿಶಿಗನ್‌ನಲ್ಲಿ ಒಂದು ವಿಶ್ರಾಂತಿ ತಾಣದ ಮುಂದೆ ಕಾರು ನಿಂತಿತ್ತು. ಬಾಗಿಲು ತೆರೆದದ್ದೇ ತಡ, ಸರೋವರದ ಕಡೆಯಿಂದ ಗಾಳಿ ನುಗ್ಗಿತು. ನಾನು ಸೀರೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಆ ಕಡೆ ಅನಿಯೂ ಹಾಗೆಯೇ ಹಿಡಿದುಕೊಂಡಿದ್ದ. ಇಬ್ಬರೂ ಏಡಿಗಳಂತೆ ಅಡ್ಡಡ್ಡ ನಡೆದು ಬಾಗಿಲು ಸೇರಿದೆವು.

"ಸೇಮ್ ಪ್ರಾಬ್ಲಮ್, ದೊಡ್ಡಮ್ಮ" ಎಂದು ನಕ್ಕ. ಬಹಳ ದಿನದ ಮೇಲೆ ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ.

ಒಳಗೆ ಕಾಫಿ ಯಂತ್ರದ ಹತ್ತಿರ ಒಬ್ಬ ಬಿಳಿ ಮುದುಕ ಅನಿಯನ್ನು ನೋಡಿ ನಿಂತೇಬಿಟ್ಟ. ಕಿಲ್ಟ್ ಯಾವ ಕುಲದ್ದು ಎಂದು ಕೇಳಿದ. ಅವರಲ್ಲಿ ಒಂದೊಂದು ಮನೆತನಕ್ಕೆ ಒಂದೊಂದು ಚೌಕುಳಿಯಂತೆ. ಅಯ್ಯೋ ದೇವರೇ, ಇಲ್ಲೂ ಗೋತ್ರ ಕೇಳುತ್ತಾರಲ್ಲ ಎಂದುಕೊಂಡೆ. ತನಗೆ ಕುಲವಿಲ್ಲ, ಇಷ್ಟವಾಯಿತು, ಉಟ್ಟೆ ಎಂದ ಅನಿ. ನಮ್ಮಲ್ಲಾದರೆ ಗೋತ್ರ ಇಲ್ಲದವನ ಜೊತೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಮುದುಕ ಮಾತ್ರ ಅವನ ಕೈಯನ್ನು ಎರಡೂ ಕೈಯಿಂದ ಹಿಡಿದು ಕುಲುಕಿದ, ತನ್ನ ತಂದೆಯ ಕಿಲ್ಟಿನ ಕಥೆ ಹೇಳಿದ, ತಮ್ಮ ಕಡೆಯವರ ಬೇಸಿಗೆಯ ಕೂಟಕ್ಕೆ ಬಾ ಎಂದು ಕರೆದ. ನನಗೂ ಸೇರಿಸಿ ಆಹ್ವಾನ. ಅವನ ಕಾಫಿ ಅಷ್ಟರಲ್ಲಿ ತಣ್ಣಗಾಗಿತ್ತು.

ಕಾರಿಗೆ ಬಂದ ಮೇಲೆ ಕೇಳಿದೆ, "ಗುರುತಿಲ್ಲದೋರು ಇಷ್ಟು ಚೆನ್ನಾಗಿ ಮಾತಾಡಿಸ್ತಾರಲ್ಲೋ. ನಿನ್ನ ಫ್ರೆಂಡ್ಸು?"

ಅವನು ಕನ್ನಡಿ ನೋಡಿ ಲೇನ್ ಬದಲಿಸಿದ.

"ಫಸ್ಟ್ ಎಲ್ರಿಗೂ ಫನ್ ಆಗಿತ್ತು. ಒನ್ಸ್ ಹಾಕ್ಕೊಂಡ್ರೆ ಜೋಕ್, ದೊಡ್ಡಮ್ಮ. ಎವ್ರಿ ಡೇ ಹಾಕ್ಕೊಂಡ್ರೆ ಅವರಿಗೆ ಏನು ಮಾಡ್ಬೇಕು ಗೊತ್ತಾಗಲ್ಲ." ಮತ್ತೆ ಸ್ವಲ್ಪ ದೂರ ಹೋದ ಮೇಲೆ ಹೇಳಿದ, "ನಮ್ಮದೊಂದು ವಾಟ್ಸಾಪ್ ಗ್ರೂಪ್ ಇದೆ. ಚೈಲ್ಡ್‌ಹುಡ್ ಗ್ಯಾಂಗ್. ನನ್ನ ಅದರಿಂದ ತೆಗೆದಿಲ್ಲ. ಇನ್ನೊಂದು ಗ್ರೂಪ್ ಮಾಡ್ಕೊಂಡಿದಾರೆ, ನಾನಿಲ್ಲದ್ದು. ಹಳೇದರಲ್ಲಿ ಈಗ ನಾನೊಬ್ನೇ ಹ್ಯಾಪಿ ಬರ್ತ್‌ಡೇ ಹಾಕ್ತೀನಿ."

"ಸುಹಾಸ್?"

"ಸುಹಾಸ್ ಬ್ಯುಸಿ. ವೆಡ್ಡಿಂಗ್ ಅಲ್ವಾ." ಎಷ್ಟು ಬೇಗ ಅವನ ಪರವಾಗಿ ಹೇಳಿದ ಎಂದರೆ, ನನಗೆ ಮುಂದೆ ಕೇಳಲು ಮನಸ್ಸಾಗಲಿಲ್ಲ.

ವಾರೆನ್

ಅನಿಯ ಮನೆ ಒಂದು ಕೋಣೆ, ಒಂದು ಹಾಲ್. ಮೇಜಿನ ಮೇಲೆ, ಕುರ್ಚಿಯ ಮೇಲೆ, ಕಿಟಕಿಯ ಅಂಚಿನಲ್ಲಿ ಬಟ್ಟೆಯ ತುಂಡುಗಳು. ಸಂಜೆ ಅವನು ನನ್ನ ಕೈಗೆ ಒಂದೊಂದನ್ನೇ ಕೊಟ್ಟು, ಯಾವುದು ಸೆಕೆಯಾಗುತ್ತದೆ, ಯಾವುದು ಕೂತರೆ ಜಾರುತ್ತದೆ ಎಂದು ಕೇಳುತ್ತಿದ್ದ. ಬಟ್ಟೆಯೆಂದರೆ ಅವನಿಗೆ ಮೊದಲಿನಿಂದ ಹುಚ್ಚು. ಊರಿಗೆ ಬಂದಾಗಲೆಲ್ಲ ನನ್ನ ಬೀರುವಿನ ಮುಂದೆ ಕೂತು ಸೀರೆಯ ಅಂಚುಗಳನ್ನು ಸವರುತ್ತಿದ್ದ ಮಗು ಅದು.

"ಯಾಕೋ ಇದನ್ನೇ ಉಡಬೇಕು ಅನ್ಸತ್ತೆ?" ಎಂದು ಕೇಳಿದೆ. ದೊಡ್ಡದಾಗಿ ಏನಾದರೂ ಹೇಳುತ್ತಾನೆಂದು ಕಾದೆ.

"ಇದ್ರಲ್ಲಿ ನಡೀವಾಗ ನಾನು ನಾನೇ ಅನ್ಸತ್ತೆ. ಅಷ್ಟೇ ದೊಡ್ಡಮ್ಮ. ದೇರ್ ಈಸ್ ನೋ ಸ್ಟೋರಿ."

ಕಿಲ್ಟನ್ನು ಮುಟ್ಟಿ ನೋಡಿದೆ. ಅಪ್ಪಟ ಉಣ್ಣೆ. ನಮ್ಮತ್ತೆ ಮಡಿಗೆ ಉಡುತ್ತಿದ್ದ ಧಾಬಳಿ ನೆನಪಾಯಿತು. ಉಣ್ಣೆಗೆ ಮೈಲಿಗೆ ಇಲ್ಲವೆಂದು ಅವರು ಅದನ್ನು ಒಗೆಯದೆ ಒಂದು ಕೋಲಿನ ಮೇಲೆ ಹರವಿಡುತ್ತಿದ್ದರು, ನಾವು ಮಕ್ಕಳು ಮರಿ ಯಾರೂ ಮುಟ್ಟುವಂತಿರಲಿಲ್ಲ. ಇದೂ ಧಾಬಳಿಯೇ, ಮಡಿ ಬಟ್ಟೆ, ಇದನ್ನುಟ್ಟು ದೇವರ ಪೂಜೆ ಮಾಡಬಹುದು ಎಂದೆ. ಅವನ ಮುಖ ಅರಳಿದ್ದನ್ನು ನೋಡಬೇಕಿತ್ತು.

"ಸೀರಿಯಸ್ಲೀ? ನಮ್ಮಲ್ಲೇ ಇದೆಯಾ ಇದು?"

ಮರುದಿನ ಸ್ನಾನ ಮಾಡಿ, ಕಿಲ್ಟ್ ಉಟ್ಟು, ಅಡುಗೆಮನೆಯ ಮೂಲೆಯ ಗಣೇಶನಿಗೆ ಮಂಗಳಾರತಿ ಎತ್ತಲು ಬಂದು ನಿಂತ. ಆಗ ನನ್ನ ಕಣ್ಣಿಗೆ ಸೊಂಟದ ಪಕ್ಕದ ಪಟ್ಟಿಗಳು ಬಿದ್ದವು. ಚರ್ಮ! ಮಡಿಗೂ ಚರ್ಮಕ್ಕೂ ಎಣ್ಣೆ ಸೀಗೇಕಾಯಿ. ಪಟ್ಟಿ ಬಿಚ್ಚಿದರೆ ಕಿಲ್ಟ್ ನಿಲ್ಲುವುದಿಲ್ಲ. ಅವನು ಪೂರ್ತಿ ಕಂಗಾಲಾದ. ನಾನು ಗಣೇಶನ ಕಡೆ ನೋಡಿದೆ. "ಇವನ ವಾಹನಕ್ಕೆ ಚರ್ಮ ಇಲ್ವಾ, ಎತ್ತೋ ಆರತಿ" ಎಂದೆ. ನಮ್ಮತ್ತೆ ಮೇಲಿನಿಂದ ನೋಡುತ್ತಿದ್ದರೆ ನನಗೆ ಪ್ರಾಯಶ್ಚಿತ್ತ ಹೇಳುತ್ತಿದ್ದರು.

ಅಲ್ಲಿಗೆ, ನಾನು ಬಂದ ಕೆಲಸ ಕೆಟ್ಟಿತು. ಬಿಡಿಸಲು ಬಂದವಳು ಅದಕ್ಕೆ ಆರತಿ ಎತ್ತಿಸಿದ್ದೆ. ಆದರೂ ಸುಧಾಳ ಮುಖ ನೆನಪಾಗಿ, ಊಟಕ್ಕೆ ಕೂತಾಗ ಬಾಯಿ ತೆರೆದೆ. ನಾನು ಹೇಳುವ ಮೊದಲೇ ಅವನು ಹೇಳಿದ.

"ಅಮ್ಮ ಕಳಿಸಿದಾರೆ ಅಲ್ವಾ, ಮದುವೇಲಿ ಕಿಲ್ಟ್ ಬೇಡ ಅಂತ ಹೇಳೋಕೆ? ಡೋಂಟ್ ವರಿ. ನಾನು ಪಂಚೆ ಉಡ್ತೀನಿ. ಸುಹಾಸ್‌ಗೆ ಟೂ ಮಂತ್ಸ್ ಹಿಂದೇನೇ ಹೇಳಿದೀನಿ. ಅವನ ಮದುವೆ ದೊಡ್ಡಮ್ಮ, ಛತ್ರಿ ಹಿಡೀಬೇಕು. ಅವನು ಗೋಣಿಚೀಲ ಉಡು ಅಂದ್ರೂ ಉಡ್ತೀನಿ."

ನನಗೆ ನಾಚಿಕೆಯಾಯಿತು. ಮನೆಮಂದಿಯೆಲ್ಲ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡ ವಿಷಯವನ್ನು ಯಾರೂ ಅವನ ಹತ್ತಿರ ಒಂದು ಸಲ ನೇರವಾಗಿ ಕೇಳಿರಲಿಲ್ಲ. ಆ ವಾರ ಅವನಿಗೆ ಕಚ್ಚೆ ಹಾಕಿ ಪಂಚೆ ಉಡುವುದನ್ನು ಕಲಿಸಿದೆ. ನಮ್ಮ ತಂದೆಗೆ ನೆರಿಗೆ ಹಿಡಿದುಕೊಟ್ಟ ಕೈ ನನ್ನದು. ಅವನು ಎರಡೇ ಸಲಕ್ಕೆ ಕಲಿತ. ನೆರಿಗೆಯ ಮರ್ಮ ತಿಳಿದವನಿಗೆ ಕಿಲ್ಟಿನ ಹಿಂದಿನ ನೆರಿಗೆಯೇನು, ಪಂಚೆಯ ಮುಂದಿನ ನೆರಿಗೆಯೇನು.

ವೆಸ್ಟ್ ಬ್ಲೂಮ್‌ಫೀಲ್ಡ್

ಮದುವೆ ಒಂದು ದೊಡ್ಡ ಪಾರ್ಟಿ ಹಾಲಿನಲ್ಲಿ. ಅಕ್ಟೋಬರ್ ಆದ್ದರಿಂದ ಹೊರಗೆ ಮರಗಳೆಲ್ಲ ಕೆಂಪಾಗಿದ್ದವು. ಸುಧಾ, ಮೋಹನ ವುಡ್‌ರಿಡ್ಜ್‌ನಿಂದ ನೇರ ಹಾಲಿಗೇ ಬಂದಿದ್ದರು. ಪಂಚೆ ಉಟ್ಟು ಶಲ್ಯ ಹೊದ್ದ ಮಗನನ್ನು ಕಂಡು ಸುಧಾಳ ಕಣ್ಣಲ್ಲಿ ನೀರು ತುಂಬಿತು. ಬಾಗಿಲಲ್ಲೇ ದೃಷ್ಟಿ ತೆಗೆದಳು. ನನ್ನ ಕೈ ಹಿಡಿದು ಜೋರಾಗಿ ಅದುಮಿದಳು.

ಗಂಡಿನ ಕಡೆಯ ಹುಡುಗರು ಎಲ್ಲರೂ ಪಂಚೆ ಉಡಬೇಕೆಂದು ಕಟ್ಟಪ್ಪಣೆ. ಆದರೆ ಉಡಲು ಬರುವವರು ಯಾರು? ಅಂಟುಪಟ್ಟಿಯ ರೆಡಿಮೇಡ್ ಪಂಚೆ ತರಿಸಿದ್ದರು, ಅದು ಅಮೆರಿಕದ ಸೊಂಟಗಳಿಗೆ ಸಾಲದೆ ಪಟಪಟ ಬಿಚ್ಚಿಕೊಳ್ಳುತ್ತಿತ್ತು. ಡಾಕ್ಟರುಗಳು, ಎಂಜಿನಿಯರುಗಳು ಸೊಂಟ ಹಿಡಿದುಕೊಂಡು ಕಾರಿಡಾರಿನ ತುಂಬ ನಿಂತಿದ್ದರು. ಇಟ್ಟ ಹೆಜ್ಜೆ ತೊಡರದೆ ನಡೆಯುತ್ತಿದ್ದವನು ಅನಿ ಒಬ್ಬನೇ. ಅವನು ಒಬ್ಬೊಬ್ಬರ ಮುಂದೆಯೂ ಮಂಡಿಯೂರಿ ಕೂತು, ಅಂಟುಪಟ್ಟಿ ಕಿತ್ತು, ನೆರಿಗೆ ಹಿಡಿದು, ಕಚ್ಚೆ ಹಾಕಿ ಕಳಿಸತೊಡಗಿದ. ದಾರಿಯಲ್ಲಿ ಹೋಗುವ ಅಂಕಲ್‌ಗಳೆಲ್ಲ ಅವನ ಬೆನ್ನು ತಟ್ಟಿದರು.

"ಈಗ ನೋಡು, ಗಂಡಸಿನ ಥರ ಕಾಣ್ತಾ ಇದೀಯ" ಎಂದರು ಒಬ್ಬರು.

ಅದೂ ಸೊಂಟಕ್ಕೆ ಸುತ್ತಿದ ಬಟ್ಟೆ, ಇದೂ ಸೊಂಟಕ್ಕೆ ಸುತ್ತಿದ ಬಟ್ಟೆ ಸ್ವಾಮಿ ಎಂದು ಹೇಳಬೇಕೆನಿಸಿತು. ಹೇಳಲಿಲ್ಲ, ಮದುವೆ ಮನೆಯಲ್ಲಿ ಯಾಕೆ ಎಂದು ಸುಮ್ಮನಾದೆ. ಅನಿಗೂ ಅವತ್ತು ಯಾವ ಮಾತೂ ತಾಗುವಂತಿರಲಿಲ್ಲ. ಹಳೆಯ ಗ್ಯಾಂಗಿನ ಹುಡುಗರು ಅವನ ಸುತ್ತ ನಿಂತಿದ್ದರು, ಅವನ ಹೆಸರು ಹಿಡಿದು ಕೂಗುತ್ತಿದ್ದರು. ಅಷ್ಟು ಖುಷಿಯಾಗಿ ಅವನನ್ನು ಆ ವಾರದಲ್ಲಿ ನಾನು ನೋಡಿರಲಿಲ್ಲ.

ಕೊನೆಗೆ ಒಬ್ಬ ಎತ್ತರದ ಹುಡುಗ ಬಂದ. ವರುಣ್ ಎಂದು ಹೆಸರು, ಸುಹಾಸ್‌ನ ಈಗಿನ ಆಫೀಸಿನವನು.

"ಮ್ಯಾನ್, ಟೈಟಾಗಿ ಕಟ್ಟು. ನನ್ನ ಎರಡೂ ಕೈ ಛತ್ರೀಲಿ ಇರತ್ತೆ, ಬಿಚ್ಕೊಂಡ್ರೆ ಹಿಡ್ಕೊಳ್ಳೋಕೂ ಆಗಲ್ಲ."

ಅನಿ ಅವನ ಮುಂದೆ ಮಂಡಿಯೂರಿದ್ದ. ಕೈಯಲ್ಲಿ ಅರ್ಧ ಹಿಡಿದ ನೆರಿಗೆ. ತಲೆ ಎತ್ತಿ ನೋಡಿದ.

"ಯಾವ ಛತ್ರಿ?"

"ಕಾಶಿಯಾತ್ರೆ. ಸುಹಾಸ್ ಲಾಸ್ಟ್ ವೀಕ್ ಕೇಳಿದ. ನಿನಗೆ ಗೊತ್ತಿಲ್ವಾ?" ವರುಣ್‌ಗೆ ಯಾವ ಹಳೆಯ ಕಥೆಯೂ ತಿಳಿದಿರಲಿಲ್ಲ, ಅವನನ್ನು ದೂರಿ ಏನು ಬಂತು.

ಅನಿಯ ಕೈ ನಿಂತಿತು. ನಾನು ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂತು ಎಲ್ಲ ನೋಡುತ್ತಿದ್ದೆ. ಎದ್ದು ಹೋಗುತ್ತಾನೆ ಎಂದುಕೊಂಡೆ. ಅವನು ಎದ್ದು ಹೋಗಲಿಲ್ಲ. ಬಿಟ್ಟುಹೋಗಿದ್ದ ನೆರಿಗೆಯನ್ನು ಮತ್ತೆ ಮೊದಲಿನಿಂದ ಹಿಡಿದ. ಕಚ್ಚೆಯನ್ನು ಹಿಂದಕ್ಕೆ ತಂದು, ಗಟ್ಟಿಯಾಗಿ ಸಿಕ್ಕಿಸಿ, ಎರಡು ಸಲ ಎಳೆದು ನೋಡಿದ.

"ನಡೆದು ನೋಡು" ಎಂದ. ವರುಣ್ ನಡೆದ. ಅವತ್ತು ಅನಿ ಕಟ್ಟಿದ ಪಂಚೆಗಳಲ್ಲೆಲ್ಲ ಅದೇ ಚೆನ್ನಾಗಿ ಕೂತಿತ್ತು.

ವಾಲಗ ಶುರುವಾಯಿತು, ಸ್ಪೀಕರಿನಲ್ಲಿ. ಕಾಶಿಯಾತ್ರೆ ಹೊರಟದ್ದು ಪಾರ್ಕಿಂಗ್ ಲಾಟಿನೊಳಕ್ಕೆ. ಸಾಲು ಸಾಲು ಕಾರುಗಳ ನಡುವೆ ಸುಹಾಸ್ ಕೋಲು ಹಿಡಿದು, ಆನ್‌ಲೈನಿನಲ್ಲಿ ತರಿಸಿದ ಪಾದುಕೆಗಳಲ್ಲಿ ಟಕಟಕ ಸದ್ದು ಮಾಡುತ್ತ ನಡೆದ. ಪುರೋಹಿತರು ಮೈಕಿನಲ್ಲಿ ಇಂಗ್ಲಿಷಿನಲ್ಲಿ ಅರ್ಥ ಹೇಳಿದರು. ಗಾಳಿಗೆ ಛತ್ರಿ ತಿರುಗಿ ಮೇಲಾಯಿತು, ಎಲ್ಲರೂ ಹೋ ಎಂದು ನಕ್ಕರು. ಅನಿ ಗಾಜಿನ ಬಾಗಿಲಿನ ಒಳಗಡೆ ನಿಂತಿದ್ದ. ಸುಹಾಸ್ ಒಂದು ಸಲ ಈ ಕಡೆ ನೋಡಿದ, ನೋಡಿದ್ದೇ ತಲೆ ತಗ್ಗಿಸಿದ.

ನನಗೆ ತಡೆಯಲಾಗಲಿಲ್ಲ. ಊಟದ ಮನೆಯಲ್ಲಿ ಪದ್ಮಳನ್ನು ಹಿಡಿದು ಕೇಳಿದೆ.

"ಏನು ಮಾಡ್ಲಿ ಅಕ್ಕ" ಎಂದಳು ಅವಳು. ಅವಳೂ ಅಳುವ ಹಾಗಿದ್ದಳು. "ಹುಡುಗಿ ಮನೆಯೋರು ಎಲ್ಲೋ ಅವನ ಫೋಟೋ ನೋಡಿದಾರೆ. ಆ ಲಂಗ ಹಾಕೋ ಹುಡುಗ ನಿಮ್ಮ ಹುಡುಗನಿಗೆ ಅಷ್ಟು ಕ್ಲೋಸಾ, ಯಾಕೆ ಅಂತ ಕೇಳಿದ್ರು. ಏನಂತ ಉತ್ತರ ಹೇಳೋದು? ಅನಿ ನನ್ನ ಕೈತುತ್ತು ಉಂಡ ಮಗು, ನನಗೆ ಬೇಜಾರಿಲ್ವಾ?"

"ಅವನು ಪಂಚೆ ಉಟ್ಕೊಂಡೇ ಬಂದಿದಾನಲ್ಲೇ ಪದ್ಮ."

"ಬಂದಿದಾನೆ. ಆದ್ರೆ ಅವರಿಗೆ ಗೊತ್ತಲ್ಲ ಅಕ್ಕ."

ಒಂದು ಬಟ್ಟೆ ಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂದು ನಾವೆಲ್ಲ ನಂಬಿದ್ದೆವು.

ಹೊರಡುವ ಹೊತ್ತಿಗೆ ಸುಹಾಸ್ ತಾನೇ ಅನಿಯ ಹತ್ತಿರ ಬಂದ. ಹಣೆಯ ಮೇಲೆ ಬಾಸಿಂಗದ ಗುರುತು ಇನ್ನೂ ಇತ್ತು. ತಬ್ಬಿಕೊಂಡ. "ಯು ಗೆಟ್ ಇಟ್, ರೈಟ್?" ಎಂದ ಮೆಲ್ಲಗೆ.

"ಯಾ. ಐ ಗೆಟ್ ಇಟ್" ಎಂದ ಅನಿ. ಸುಹಾಸ್‌ನ ಹೆಗಲಿನಿಂದ ಜಾರುತ್ತಿದ್ದ ಶಲ್ಯವನ್ನು ಸರಿಮಾಡಿದ. ಆಮೇಲೆ ಯಾರೋ ಫೋಟೋಗೆ ಕರೆದರು, ಮದುಮಗ ಹೋದ.

ಮತ್ತೆ ವಾರೆನ್

ಅವತ್ತು ಸುಧಾ, ಮೋಹನ ಅನಿಯ ಮನೆಯಲ್ಲೇ ಉಳಿದರು. ಸುಧಾ ಪಂಚೆಯುಟ್ಟ ಮಗನ ಫೋಟೋವನ್ನು ಬಂಧುಬಳಗಕ್ಕೆಲ್ಲ ಕಳಿಸುವುದರಲ್ಲಿ ಮುಳುಗಿದ್ದಳು. ಯಾರೋ ಒಂದು ಹುಡುಗಿಯ ಜಾತಕ ಕಳಿಸುತ್ತೇವೆ ಎಂದು ಆಗಲೇ ಬರೆದಿದ್ದರು. ಛತ್ರಿಯ ವಿಷಯ ಹೇಳಿದೆ. "ಹೋಗ್ಲಿ ಬಿಡು ಅಕ್ಕ, ಒಂದು ಛತ್ರಿ ತಾನೇ" ಎಂದಳು.

ಬೆಳಗ್ಗೆ ಅನಿ ಕಾಫಿ ಕುಡಿದು, ಬನ್ನಿ ದೊಡ್ಡಮ್ಮ ಒಂದು ರೌಂಡ್ ಹೋಗಿಬರೋಣ ಎಂದು ಕರೆದ. ಪ್ಯಾಂಟು ಹಾಕಿದ್ದ. ಅವನನ್ನು ಪ್ಯಾಂಟಿನಲ್ಲಿ ನೋಡಿ ಎಷ್ಟು ವರ್ಷವಾಗಿತ್ತೋ, ಯಾರದೋ ಬಟ್ಟೆ ಕೇಳಿ ಹಾಕಿಕೊಂಡವನಂತೆ ಕಂಡ. ಕೈಯಲ್ಲಿ ಒಂದು ದೊಡ್ಡ ಚೀಲವಿತ್ತು. ಅಪಾರ್ಟ್‌ಮೆಂಟಿನ ಹಿಂದಿನ ಮೂಲೆಯಲ್ಲಿ ಹಳೆಯ ಬಟ್ಟೆ ಹಾಕುವ ಕಬ್ಬಿಣದ ಪೆಟ್ಟಿಗೆಯೊಂದು ಇದೆ. ಬೇಡವಾದ ಬಟ್ಟೆಯನ್ನು ಅದರಲ್ಲಿ ತುರುಕಿದರೆ ಯಾರೋ ಬಂದು ಬಡವರಿಗೆ ಒಯ್ಯುತ್ತಾರೆ. ಕೊಡುವವನೂ ತೆಗೆದುಕೊಳ್ಳುವವನೂ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ.

ಅದರ ಮುಂದೆ ನಿಂತು ಅನಿ ಚೀಲ ಬಿಚ್ಚಿದ. ಇದ್ದವೆಲ್ಲ ಕಿಲ್ಟುಗಳು. ಮೇಲಿನದು ಹಸಿರು ನೀಲಿ ಚೌಕುಳಿಯದು, ಇಸ್ತ್ರಿ ಮಾಡಿ ನೆರಿಗೆ ಮಡಿಸಿಟ್ಟಿದ್ದ.

"ಅನಿ" ಎಂದೆ.

"ಇದು ಬಿಟ್ರೆ ಸುಹಾಸ್ ವಾಪಸ್ ಬರ್ತಾನೆ ಅಂತಲ್ಲ ದೊಡ್ಡಮ್ಮ. ಐ ನೋ ದಟ್." ಒಂದೊಂದನ್ನೇ ಒಳಗೆ ಹಾಕುತ್ತ, ನನ್ನ ಕಡೆ ನೋಡದೆ ಹೇಳಿದ. "ಬಿಡದೇ ಇದ್ರೆ ಇನ್ನೂ ಯಾರ್ಯಾರು ಹೋಗ್ತಾರೋ ಅಂತ ಭಯ ಆಯ್ತು. ನಿನ್ನೆ ಎಲ್ರೂ ಎಷ್ಟು ಚೆನ್ನಾಗಿ ಮಾತಾಡಿಸಿದ್ರು, ನೋಡಿದ್ರಲ್ಲ?"

ಪೆಟ್ಟಿಗೆಯ ಮುಚ್ಚಳ ದಢ್ ಎಂದು ಮುಚ್ಚಿಕೊಂಡಿತು. ಇಬ್ಬರೂ ಮನೆಗೆ ಹೋಗಿ ಉಪ್ಪಿಟ್ಟು ತಿಂದೆವು.

ವುಡ್‌ರಿಡ್ಜ್‌ಗೆ ಹಿಂದಿರುಗುವ ಕಾರಿನಲ್ಲಿ ಸುಧಾ ನನ್ನ ಪಕ್ಕದಲ್ಲೇ ಕೂತಿದ್ದಳು. ಅನಿ ಹೊರಡುವ ಮೊದಲೇ ಅವಳಿಗೆ ಹೇಳಿಬಿಟ್ಟಿದ್ದ, ಇನ್ನು ಅದನ್ನು ಉಡುವುದಿಲ್ಲ ಎಂದು. ಅವಳಿಗೆ ನಂಬಿಕೆಯೇ ಬರುತ್ತಿರಲಿಲ್ಲ.

"ಎರಡು ವರ್ಷದಿಂದ ನಮ್ಮ ಕೈಲಿ ಆಗದ್ದನ್ನ ಒಂದೇ ವಾರದಲ್ಲಿ ಮಾಡಿಬಿಟ್ಟೆಯಲ್ಲ ಅಕ್ಕ. ಅವನಿಗೆ ಅಂಥದ್ದೇನು ಹೇಳಿದೆ?"

"ನಾನೇನೂ ಹೇಳಲಿಲ್ಲ ಸುಧಾ" ಎಂದೆ.

ಅವಳು ನನ್ನ ದೊಡ್ಡತನ ಎಂದುಕೊಂಡು ನಕ್ಕಳು. ಆದರೆ ನಿಜಕ್ಕೂ ನಾನು ಏನೂ ಹೇಳಿರಲಿಲ್ಲ. ಆ ಪೆಟ್ಟಿಗೆಯ ಮುಂದೆ, ಒಂದಾದರೂ ಇಟ್ಟುಕೋ ಕಂದಾ ಎಂದು ಕೂಡ ಹೇಳಿರಲಿಲ್ಲ.